ಎರಡನೆಯವರು ಕೇಳಿದಾಗ

ಆದೋನಿ
೧೨ ಡಿಸೆಂಬರ್ ೨೦೨೫, ಶುಕ್ರವಾರ ಮಧ್ಯಾಹ್ನ

ವಾಗೀಶರಿಗೆ,

ಚೇತನಾಳ ನಮಸ್ಕಾರ. ಸಿಟ್ಟಿನಲ್ಲಿ ಮಾಡಿದ ನಮಸ್ಕಾರ, ಆದರೂ ನಮಸ್ಕಾರವೇ. ತೆಗೆದುಕೊಳ್ಳಿ.

ಕಾಗದ ಕಂಡು ಹುಬ್ಬೇರಿಸಬೇಡಿ. ನಿಮಗೆ ಫೋನ್ ಮಾಡಿದರೆ ಎತ್ತುವುದಿಲ್ಲ. ಬೇರೆಯಾಗಿ ಮೇಲ್ ಕಳಿಸಿದರೆ ‘ಇದನ್ನು ಲಿಸ್ಟಿನಲ್ಲೇ ಚರ್ಚಿಸಿ’ ಎಂದು ಒಂದು ಸಾಲು ಬರುತ್ತದೆ. ಎಲ್ಲರಿಗೂ ಹೋಗುವ ಆ ಮೇಲ್ ಲಿಸ್ಟಿನಲ್ಲಿ ಬರೆದರೆ ಜಗತ್ತಿನಲ್ಲಿ ಕಂಪ್ಯೂಟರಿನ ಮೂಲ ಪ್ರೋಗ್ರಾಂ ಆದ ಕರ್ನೆಲ್ ಬರೆಯುವವರೆಲ್ಲ ಓದುತ್ತಾರೆ. ಆದೋನಿಯಲ್ಲಿ ಬೆಳಿಗ್ಗೆ ಬಸ್ಸು ಹತ್ತಿದರೆ ಊಟದ ಹೊತ್ತಿಗೆ ಬಳ್ಳಾರಿಯ ನಿಮ್ಮ ಮನೆ ಬಾಗಿಲಲ್ಲಿರಬಹುದು. ನಮ್ಮಿಬ್ಬರ ಮಾತು ಮಾತ್ರ ಭೂಮಿ ಸುತ್ತಿಕೊಂಡು ಬರಬೇಕು. ಮೊನ್ನೆ ಜರ್ಮನಿಯ ಆ ಸಜ್ಜನರು ನಮ್ಮ ಜಗಳ ಓದಿ ಸಾಕಾಗಿ, ‘ನೀವಿಬ್ಬರೂ ಒಂದೇ ದೇಶದವರು, ಯಾವುದಾದರೂ ಸಮ್ಮೇಳನದಲ್ಲಿ ಭೇಟಿಯಾಗಿ ಪರಿಚಯ ಮಾಡಿಕೊಳ್ಳಬಾರದೇ’ ಎಂದು ಬರೆದರು. ನಮಗೆ ಮದುವೆಯಾಗಿದೆ ಎಂದು ಅವರಿಗೆ ಯಾರು ಹೇಳಬೇಕು? ನೀವಂತೂ ಹೇಳಲಿಲ್ಲ. ನಾನೂ ಸುಮ್ಮನಾದೆ.

ದೋಷ ತಿದ್ದುವ ಪ್ಯಾಚನ್ನು ಮೂರು ಸಲ ಕಳಿಸಿದೆ, ಮೂರು ಸಲವೂ ತಿರಸ್ಕರಿಸಿದಿರಿ. ಮೊದಲ ಸಲ ‘ನನ್ನಲ್ಲಿ ಈ ದೋಷ ಕಾಣಿಸುತ್ತಿಲ್ಲ’ ಎಂದಿರಿ. ಎರಡನೇ ಸಲ ‘ಮೆಮೊರಿ ಕಾರ್ಡ್ ಬದಲಿಸಿ’ ಎಂದಿರಿ. ಮೂರನೇ ಸಲ ಬರೆದದ್ದು ನನಗೆ ಬಾಯಿಪಾಠವಾಗಿದೆ: ‘ತಪ್ಪನ್ನು ಒಮ್ಮೆ ವರದಿ ಮಾಡಲಾಗಿದೆ. ನಿಯಮದ ಪ್ರಕಾರ ಅಷ್ಟು ಸಾಕು.’ ಆ ಸಾಲು ಓದಿದಾಗ ಕೈಯಲ್ಲಿದ್ದ ಚಹಾದ ಲೋಟವನ್ನು ಗೋಡೆಗೆ ಎಸೆಯಬೇಕು ಅನ್ನಿಸಿತು. ಬಾಡಿಗೆ ಮನೆ, ಗೋಡೆಗೆ ಹೊಸದಾಗಿ ಸುಣ್ಣ ಬಳಿದಿದ್ದಾರೆ, ಅದಕ್ಕೇ ಬಿಟ್ಟೆ.

ಕರ್ನೆಲ್‌ನ ಆ ಭಾಗದ ಯಜಮಾನರು ನೀವು. ನೀವು ಹೂಂ ಅನ್ನದೆ ಅದರಲ್ಲಿ ಒಂದು ಅಕ್ಷರವೂ ಬದಲಾಗುವುದಿಲ್ಲ. ಇದನ್ನು ನಾನು ಒಪ್ಪುತ್ತೇನೆ. ಆದರೆ ನಿಮ್ಮ ಹೂಂಗಾಗಿ ಇಲ್ಲಿ ಒಬ್ಬ ಹುಡುಗಿ ಕಾದು ಕೂತಿದ್ದಾಳೆ. ಲಿಸ್ಟಿನಲ್ಲಿ ಹುಡುಗಿಯರ ಕಥೆ ಬರೆಯುವ ಹಾಗಿಲ್ಲ, ಅದಕ್ಕೇ ಈ ಕಾಗದ.

ನಾಗಜ್ಯೋತಿ ನಿಮಗೆ ಗೊತ್ತಿಲ್ಲ. ನೀವು ಬಳ್ಳಾರಿಗೆ ಹೋದ ಮೇಲೆ ಬಂದವಳು. ಕೋಸಗಿಯವಳು, ಡಿಪ್ಲೊಮಾ ಓದಿದ್ದಾಳೆ. ನಿಮ್ಮ ಅಣ್ಣನ ಹತ್ತಿ ಮಿಲ್ಲಿನ ಕಾಟಾ ಮನೆಯಲ್ಲಿ ಕೂತು, ಬಂದ ಲಾರಿ, ಟ್ರ್ಯಾಕ್ಟರುಗಳ ತೂಕ ಹಿಡಿಯುವ ಕೆಲಸ. ತೂಕ ಬಂದ ಮೇಲೆ ಗುಂಡಿ ಒತ್ತುತ್ತಾಳೆ, ಪರದೆಯ ಮೇಲೆ ‘ಸೇವ್ ಅಯಿಂದಿ’, ತೂಕ ಉಳಿಯಿತು ಎಂದು ಹಸಿರು ಟಿಕ್ಕು ಬರುತ್ತದೆ, ರೈತನಿಗೆ ಸ್ಲಿಪ್ಪು ಹೊರಬೀಳುತ್ತದೆ. ಆ ತೂಕವನ್ನು ಉಳಿಸಿಕೊಳ್ಳುವ ಪುಟ್ಟ ಪೆಟ್ಟಿಗೆ ನಾನು ದುಡಿಯುವ ಕಂಪನಿಯದು. ಅದರೊಳಗೆ ಓಡುವುದು ನಿಮ್ಮ ಕರ್ನೆಲ್.

ದೀಪಾವಳಿ ಅಮವಾಸ್ಯೆಯ ಮರುದಿನ ಕೆಲವು ತೂಕಗಳು ಪೆಟ್ಟಿಗೆಯಲ್ಲಿ ಇರಲಿಲ್ಲ. ಯಾರೋ ಮರೆತಿರಬೇಕು ಎಂದು ಬಾವ ಗದರಿಸಿ ಬಿಟ್ಟರು. ನವೆಂಬರ್ ಅಮವಾಸ್ಯೆಯ ಮರುದಿನ ಮತ್ತೆ ಅದೇ ಆಯಿತು. ಈ ಸಲ ಕೌತಾಳಂ ಕಡೆಯ ಉಚ್ಚೀರಪ್ಪ ಎಂಬ ರೈತ ಸ್ಲಿಪ್ಪು ಹಿಡಿದುಕೊಂಡು ಬಂದು ಕಾಟಾ ಮನೆಯ ಮುಂದೆ ಕೂಗಾಡಿದ: “ಚೀಟಿ ನನ್ನ ಕೈಯಾಗ ಐತಿ, ನಿಮ್ಮ ಪೆಟ್ಟಿಗ್ಯಾಗ ಇಲ್ಲಂದ್ರ ನನ್ನ ಹತ್ತಿ ಗಾಳಿಗೆ ಹೋತೇನು?” ಅವನು ತಂದ ಹತ್ತಿ ಅಷ್ಟರಲ್ಲಿ ದೊಡ್ಡ ರಾಶಿಯಲ್ಲಿ ಬೆರೆತು ಹೋಗಿತ್ತು. ಬಂದಿತ್ತು ಎನ್ನುವುದಕ್ಕೂ ಸಾಕ್ಷಿಯಿಲ್ಲ, ಬಂದಿರಲಿಲ್ಲ ಎನ್ನುವುದಕ್ಕೂ ಇಲ್ಲ.

ಬಾವ ಲೆಕ್ಕ ಹಾಕಿದ್ದು ಹೀಗೆ: ಸ್ಲಿಪ್ಪು ಇದೆ, ಪೆಟ್ಟಿಗೆಯಲ್ಲಿ ತೂಕವಿಲ್ಲ, ಅಂದಮೇಲೆ ಬಾರದ ಗಾಡಿಗೆ ನಾಗಜ್ಯೋತಿ ಸುಳ್ಳು ಸ್ಲಿಪ್ಪು ಹೊಡೆದು ರೈತರ ಜೊತೆ ಸೇರಿಕೊಂಡಿದ್ದಾಳೆ. “ಮನಷ್ಯಾರು ಸುಳ್ಳು ಹೇಳ್ತಾರವ್ವಾ, ಕಂಪ್ಯೂಟರ್ ಹೇಳಂಗಿಲ್ಲ” ಎಂದು ನನಗೇ ಪಾಠ ಹೇಳಿದರು. ಹದಿನೈದು ವರ್ಷದಿಂದ ಕಂಪ್ಯೂಟರು ಹೇಳುವ ಸುಳ್ಳುಗಳನ್ನು ಹುಡುಕಿಯೇ ಹೊಟ್ಟೆ ಹೊರೆದುಕೊಳ್ಳುತ್ತಿರುವ ನನಗೆ! ನಾಗಜ್ಯೋತಿಗೆ ವಿಚಾರಣೆ ಮುಗಿಯುವ ತನಕ ಮಿಲ್ಲಿಗೆ ಬರಬೇಡ ಎಂದರು. ಮಿಲ್ಲಿನ ಉಳಿದವರು ಅಮವಾಸ್ಯೆಯ ಕಾಟ ಎಂದು ಕಾಟಾ ಮನೆಯ ಬಾಗಿಲಿಗೆ ನಿಂಬೆಹಣ್ಣು ಕಟ್ಟಿದರು.

ನಿಂಬೆಹಣ್ಣು ಕಟ್ಟಿದವರೇ ನಿಜಕ್ಕೆ ಹತ್ತಿರವಿದ್ದರು. ಯಾಕೆ ಬರೀ ಅಮವಾಸ್ಯೆಗೆ? ನಮ್ಮೂರಿನಲ್ಲಿ ಕರೆಂಟು ದಿನಾ ಹೋಗುತ್ತದೆ, ದಿನಾ ತೂಕ ಮಾಯವಾಗಬೇಕಲ್ಲ? ಇದೇ ಪ್ರಶ್ನೆಯನ್ನು ನೀವೂ ಲಿಸ್ಟಿನಲ್ಲಿ ಕೇಳಿದಿರಿ, ದೊಡ್ಡ ಲಾ ಪಾಯಿಂಟು ಹಿಡಿದವರ ಹಾಗೆ. ನೀವು ಅದೇ ಮಿಲ್ಲಿನ ಹತ್ತಿ ರಾಶಿಯ ಮೇಲೆ ಬಿದ್ದು ಎದ್ದು ಬೆಳೆದವರು! ಅಮವಾಸ್ಯೆಯ ದಿನ ತೂಕದ ಕಲ್ಲುಗಳನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ತೊಳೆದು ವಿಭೂತಿ ಹಚ್ಚುವುದು ನಿಮ್ಮ ಪಾಲಿನ ಕೆಲಸವಾಗಿತ್ತು ಎಂದು ನೀವೇ ನನಗೆ ಹೇಳಿದ್ದಿರಿ. ಕಲ್ಲುಗಳು ಹೋದವು, ಪೂಜೆ ಹೋಗಿಲ್ಲ. ಈಗ ಫಿಟ್ಟರ್ ಪಂಪಣ್ಣ ಮೇನ್ ಸ್ವಿಚ್ ಕೆಳಗೆಳೆದು, ಪೆಟ್ಟಿಗೆಯ ಬ್ಯಾಟರಿಯನ್ನೂ ಬಿಚ್ಚಿ, ಅದರ ತುದಿ ಒರೆಸಿ, ಮೂರು ಬೆರಳು ವಿಭೂತಿ ಎಳೆದು, ಕುಂಕುಮ ಇಟ್ಟು ಕಾಯಿ ಒಡೆಯುತ್ತಾನೆ. ಉಳಿದ ದಿನ ಕರೆಂಟು ಹೋದರೂ ಬ್ಯಾಟರಿ ಕಾಯುತ್ತದೆ. ತಿಂಗಳಿಗೆ ಒಂದೇ ದಿನ ಆ ಪೆಟ್ಟಿಗೆ ನಿಜವಾಗಿ ಆರಿಹೋಗುವುದು. ನವೆಂಬರಿನ ಪೂಜೆಗೆ ನಾನು ಪ್ರಸಾದಕ್ಕೆಂದು ಹೋಗಿದ್ದೆ. ಕಣ್ಣೆದುರೇ ಪಂಪಣ್ಣ ಬ್ಯಾಟರಿ ಬಿಚ್ಚಿದ, ನಾನು ಕೈ ಮುಗಿದು ನಿಂತಿದ್ದೆ. ಮರುದಿನ ಉಚ್ಚೀರಪ್ಪನ ಕೂಗು ಕೇಳಿದ ಮೇಲೆ ತಲೆಯಲ್ಲಿ ದೀಪ ಹತ್ತಿತು.

ಆಮೇಲೆ ಪೆಟ್ಟಿಗೆಯನ್ನು ಮನೆಗೆ ತಂದು ಕೂತೆ. ಬಾವನಿಗೆ ಹೇಳಿದ ರೀತಿಯಲ್ಲೇ ನಿಮಗೂ ಹೇಳುತ್ತೇನೆ. ಮೂಗು ಮುರಿಯುತ್ತೀರಿ, ಮುರಿಯಿರಿ.

ಕಂಪ್ಯೂಟರಿಗೆ ಬರೆಯಲು ಕೊಟ್ಟದ್ದನ್ನು ಕರ್ನೆಲ್ ಕೂಡಲೇ ಕಾರ್ಡಿನ ಮೇಲೆ ಬರೆಯುವುದಿಲ್ಲ. ಮೊದಲು ತನ್ನ ನೆನಪಿನಲ್ಲಿ ಇಟ್ಟುಕೊಂಡು, ‘ಇದು ಇನ್ನೂ ಬರೆಯಬೇಕಾದದ್ದು’ ಎಂದು ಗುರುತು ಹಾಕಿ, ಬಿಡುವು ನೋಡಿ ಬರೆಯುತ್ತದೆ. ಬರೆದ ಮೇಲೆ ಗುರುತು ಅಳಿಸುತ್ತದೆ. ಇಲ್ಲಿಯವರೆಗೆ ಸರಿ. ಬಿಸಿಲಿಗೆ ಕಾದು ಹತ್ತಿಯ ಧೂಳು ಕುಡಿದ ಕಾರ್ಡು ಒಮ್ಮೊಮ್ಮೆ ಬರೆಸಿಕೊಳ್ಳುವುದಿಲ್ಲ. ಆಗ ಕರ್ನೆಲ್ ಏನು ಮಾಡಬೇಕು? ಗುರುತನ್ನು ಹಾಗೇ ಇಟ್ಟು ಮತ್ತೆ ಪ್ರಯತ್ನಿಸಬೇಕು. ನಿಮ್ಮ ಭಾಗದ ಕರ್ನೆಲ್ ಗುರುತು ಅಳಿಸಿಬಿಡುತ್ತದೆ. ‘ಬರೆಯಲಾಗಲಿಲ್ಲ’ ಎಂಬ ದೂರನ್ನು ಒಂದು ಕಡೆ ಇಟ್ಟುಕೊಂಡು, ಯಾರು ಮೊದಲು ಬಂದು ಕೇಳುತ್ತಾರೋ ಅವರ ಕೈಗೆ ಕೊಟ್ಟು ಕೈ ತೊಳೆದುಕೊಳ್ಳುತ್ತದೆ. ಎರಡನೆಯವರು ಬಂದು ಕೇಳಿದರೆ ‘ಎಲ್ಲ ಸರಿಯಾಗಿದೆ’ ಎನ್ನುತ್ತದೆ.

ನಮ್ಮ ಪೆಟ್ಟಿಗೆಯಲ್ಲಿ ಮೊದಲು ಕೇಳುವುದು ಕಾರ್ಡಿನ ಆರೋಗ್ಯ ನೋಡಲು ಕಂಪನಿ ಇಟ್ಟ ಕಾವಲು ಪ್ರೋಗ್ರಾಂ. ಅದು ದೂರು ತೆಗೆದುಕೊಂಡು ಏನು ಮಾಡುತ್ತದೆ ಗೊತ್ತೇ? ಕಾರ್ಡು ಕೆಟ್ಟಿದೆ ಎಂಬುದನ್ನು ಆ ಕೆಟ್ಟ ಕಾರ್ಡಿನ ಮೇಲೆಯೇ ಬರೆಯಲು ಹೋಗುತ್ತದೆ. ಅದೂ ಉಳಿಯುವುದಿಲ್ಲ. ಎರಡನೆಯದಾಗಿ ಕೇಳುವುದು ತೂಕದ ಪ್ರೋಗ್ರಾಂ, ನಾಗಜ್ಯೋತಿಯ ಗುಂಡಿ. ಅದಕ್ಕೆ ‘ಎಲ್ಲ ಸರಿಯಾಗಿದೆ’ ಸಿಗುತ್ತದೆ, ಹಸಿರು ಟಿಕ್ಕು ಬರುತ್ತದೆ. ಪೆಟ್ಟಿಗೆ ಆರುವ ತನಕ ತೂಕ ನೆನಪಿನಲ್ಲಿ ಇದ್ದೇ ಇರುತ್ತದೆ, ಸಂಜೆಯ ಲೆಕ್ಕ ಸರಿ ಬರುತ್ತದೆ, ಯಾರಿಗೂ ಸಂಶಯ ಹುಟ್ಟುವುದಿಲ್ಲ. ಅಮವಾಸ್ಯೆಗೆ ಪಂಪಣ್ಣ ಬ್ಯಾಟರಿ ಬಿಚ್ಚಿದ ಕೂಡಲೇ ಕಾರ್ಡಿಗೆ ಹೋಗದೆ ಉಳಿದದ್ದೆಲ್ಲ ಅಳಿಸಿ ಹೋಗುತ್ತದೆ.

ನಿಮ್ಮಲ್ಲಿ ಈ ದೋಷ ಯಾಕೆ ಕಾಣುವುದಿಲ್ಲ ಎಂದರೆ, ನೀವು ಒಳ್ಳೆಯ ಕಾರ್ಡು ಹಾಕಿ, ಒಂದೇ ಪ್ರೋಗ್ರಾಂ ಓಡಿಸಿ, ಒಬ್ಬರೇ ಕೇಳಿ ನೋಡುತ್ತೀರಿ. ಒಬ್ಬರೇ ಕೇಳಿದರೆ ನಿಮ್ಮ ಕರ್ನೆಲ್ ಸತ್ಯವನ್ನೇ ಹೇಳುತ್ತದೆ. ಇಬ್ಬರು ಕೇಳುವ ಮನೆಯಲ್ಲಿ ಇಟ್ಟು ನೋಡಿ ಎಂದು ಮೂರೂ ಸಲ ಬರೆದೆ. ಕೆಟ್ಟ ಕಾರ್ಡಿನ ಹಾಗೆ ನಟಿಸುವ ಪರೀಕ್ಷೆಯನ್ನೂ ಬರೆದು ಜೊತೆಗೆ ಕಳಿಸಿದೆ. ಅದನ್ನು ಓಡಿಸಿದಿರಾ? ಓಡಿಸಿದ್ದರೆ ‘ನಿಯಮದ ಪ್ರಕಾರ ಸಾಕು’ ಎಂದು ಬರೆಯುತ್ತಿರಲಿಲ್ಲ. ಯಾರು ಕಳಿಸಿದ್ದಾರೆ ಎಂದು ಹೆಸರು ನೋಡಿ ಅಲ್ಲಿಗೇ ಕೈಬಿಟ್ಟಿರಿ. ಬೇರೆ ಯಾರೋ ಹುಡುಗ ಕಳಿಸಿದ್ದರೆ ಬೆನ್ನು ತಟ್ಟಿ ತಿದ್ದಿ ಹಾಕಿಕೊಳ್ಳುತ್ತಿದ್ದಿರಿ, ನನಗೆ ಗೊತ್ತು, ಎಷ್ಟು ಸಲ ನೋಡಿಲ್ಲ.

ಕಾವಲು ಪ್ರೋಗ್ರಾಂ ತೆಗೆಯಿರಿ, ಕಾರ್ಡು ಬದಲಿಸಿ ಎನ್ನುತ್ತೀರಲ್ಲ, ಎರಡನ್ನೂ ಮಾಡಿದ್ದೇನೆ. ಈ ಮಿಲ್ಲಿನಲ್ಲಿ ಇನ್ನು ತೂಕ ಹೋಗುವುದಿಲ್ಲ. ಅದರಿಂದ ನಾಗಜ್ಯೋತಿಯ ಹೆಸರು ತಿರುಗಿ ಬರುತ್ತದೆಯೇ? ಆಕೆ ಹೋದ ಮೇಲೆ ಲೆಕ್ಕ ಸರಿಯಾಯಿತು, ಅಂದರೆ ಆಕೆಯೇ ಕಳ್ಳಿ ಎಂದು ಈಗ ಇನ್ನೂ ಗಟ್ಟಿಯಾಗಿ ಆಡಿಕೊಳ್ಳುತ್ತಿದ್ದಾರೆ. ನಾನು ರಿಪೇರಿ ಮಾಡಿದ್ದೇ ಅವಳಿಗೆ ಮುಳುವಾಯಿತು. ಇದಕ್ಕೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ.

ಕಳೆದ ಭಾನುವಾರ ರೈಲು ಹತ್ತಿ ಕೋಸಗಿಗೆ ಹೋದೆ. ಅವರ ಮನೆಯ ಮುಂದೆ ಪಾತ್ರೆ, ಹಾಸಿಗೆ, ಸೌದೆ ಎಲ್ಲ ಗಂಟು ಕಟ್ಟಿಟ್ಟಿದ್ದರು. ಅವರ ಕೇರಿಯವರೆಲ್ಲ ಗುಂಟೂರು ಕಡೆ ಮೆಣಸಿನಕಾಯಿ ಬಿಡಿಸಲು ಗುಳೆ ಹೋಗುತ್ತಾರೆ, ಎಳ್ಳಮವಾಸ್ಯೆಯ ಮರುದಿನ ಲಾರಿ. ಆಕೆಯ ತಾಯಿ ಹುಸೇನಮ್ಮ ನನ್ನ ಮುಖ ನೋಡದೆ ಹಗ್ಗ ಬಿಗಿಯುತ್ತಲೇ ಅಂದಳು: “ಹ್ವಾದ ವರ್ಷ ಈಕಿನ ನೌಕರಿಗೆ ಅಂತ ಬಿಟ್ಟು ಹೋಗಿದ್ವಿ. ಈ ವರ್ಷ ಈಕಿ ಹೆಸರೂ ಮೇಸ್ತ್ರಿಗೆ ಬರಿಸೀನಿ.” ನಾಗಜ್ಯೋತಿ ನನ್ನನ್ನು ರೈಲ್ವೆ ಗೇಟಿನ ತನಕ ಬಿಡಲು ಬಂದಳು. ಗೇಟಿನ ಹತ್ತಿರ ನಿಂತು, “ಮಿರಪಕಾಯಿ ಬಿಡಿಸಾಕ ನಂಗ ನಾಚಿಕಿ ಇಲ್ಲ ಅಕ್ಕಾ, ಸಣ್ಣಾಕಿದ್ದಾಗಿಂದ ಬಿಡಿಸೀನಿ. ಕಳ್ಳಿ ಅನಿಸ್ಕಂಡು ಹೋಗಾಕ ಆಗವಲ್ದು. ಹಸರು ಟಿಕ್ಕು ಬಂತಕ್ಕಾ, ನಿಜ್ಜಂಗಾ ಬಂತು, ಕಣ್ಣಾರ ನೋಡೀನಿ” ಅಂದಳು. ಬಂದಿತ್ತು ಎಂದು ನನಗೆ ಗೊತ್ತು ಅಂದೆ. ಆಗ ಅತ್ತಳು. ನನಗೂ ಅಳು ಬಂತು, ಅದರ ಹಿಂದೆಯೇ ನಿಮ್ಮ ಮೇಲೆ ಸಿಟ್ಟು ಬಂತು.

ಮಂಗಳವಾರ ಬಾವನನ್ನು ಕಾಟಾ ಮನೆಯಲ್ಲಿ ಕೂರಿಸಿದೆ. ಹಳೆಯ ಕಾರ್ಡನ್ನೂ ಕಾವಲು ಪ್ರೋಗ್ರಾಮನ್ನೂ ಪೆಟ್ಟಿಗೆಗೆ ಮತ್ತೆ ಹಾಕಿದೆ. ಖಾಲಿ ಟ್ರ್ಯಾಕ್ಟರನ್ನು ಹಿಂದೆ ಮುಂದೆ ಓಡಿಸಿ ತೂಕ ಹಿಡಿಸಿದೆ. ಗುಂಡಿ ಒತ್ತಿದ್ದು ಸ್ವತಃ ಬಾವ. ಒತ್ತಿದ ಪ್ರತಿ ಸಲವೂ ಹಸಿರು ಟಿಕ್ಕು. ಆಮೇಲೆ ಪಂಪಣ್ಣನಿಂದ ಸ್ವಿಚ್ ಎಳೆಸಿ ಬ್ಯಾಟರಿ ಬಿಚ್ಚಿಸಿದೆ. ಮತ್ತೆ ಜೋಡಿಸಿ ನೋಡಿದರೆ, ಬಾವ ತಮ್ಮ ಕೈಯಿಂದ ಒತ್ತಿದ ತೂಕಗಳಲ್ಲಿ ಕೆಲವು ಮಾಯ. ಬಾವ ಪರದೆ ನೋಡಿದರು, ಪಂಪಣ್ಣನ ಮುಖ ನೋಡಿದರು. ಗೆದ್ದೆ ಅಂದುಕೊಂಡೆ.

“ಕಾರ್ಡು ಹಾಕಿದಾಕಿ ನೀನ, ತೆಗದಾಕಿ ನೀನ. ಇದು ಪೆಟ್ಟಿಗಿ ತಪ್ಪೋ, ನಿನ್ನ ಕೈಚಳಕೋ, ನಂಗ ಹೆಂಗ ತಿಳೀಬೇಕವ್ವಾ?” ಅಂದರು. “ಅದರ ಯಜಮಾನ ನಮ್ಮ ವಾಗೀಶನ ಅಂತಿ. ಅವನು ಹೌದು ಅನ್ಲಿ, ನಾನ ಕೋಸಗಿಗೆ ಗಾಡಿ ಕಳಿಸಿ ಆಕಿನ ಕರಿಸ್ತೀನಿ.” ನನ್ನ ಹದಿನೈದು ವರ್ಷದ ವಿದ್ಯೆ ಅವರ ಕಣ್ಣಿಗೆ ಕೈಚಳಕ. ತಮ್ಮನ ಒಂದು ಹೌದು ಮಾತ್ರ ಪ್ರಮಾಣ. ಆ ತಮ್ಮನೋ, ಅಣ್ಣನಿಗಿಂತ ಒಂದು ಕೈ ಮೇಲು.

ಬರುವ ಶುಕ್ರವಾರ ಎಳ್ಳಮವಾಸ್ಯೆ. ಪೂಜೆ ಮುಗಿದ ಮೇಲೆ ಬಾವ ತಮ್ಮ ಕೈಯಿಂದ ಒಬ್ಬೊಬ್ಬರಿಗೂ ಕಾಯಿ ಹೋಳು ಕೊಡುತ್ತಾರೆ. ಯಾರ ಅಂಗೈಗೆ ಹೋಳು ಬಿತ್ತೋ ಅವರು ಮಿಲ್ಲಿನವರು, ಇದು ನಿಮ್ಮ ತಾತನ ಕಾಲದ ಪದ್ಧತಿ. ಆ ದಿನ ನಾಗಜ್ಯೋತಿಯ ಕೈಗೆ ಹೋಳು ಬೀಳಬೇಕು. ಬೀಳದಿದ್ದರೆ ಮರುದಿನ ಆಕೆ ಕಳ್ಳಿಯೆಂಬ ಹೆಸರು ಹೊತ್ತು ಲಾರಿ ಹತ್ತುತ್ತಾಳೆ. ಆಮೇಲೆ ನೀವು ನಾಲ್ಕನೇ ಪ್ಯಾಚನ್ನು ಒಪ್ಪಿ ಹೂಮಾಲೆ ಹಾಕಿದರೂ ನನಗೆ ಬೇಡ.

ನಾಲ್ಕನೇ ಪ್ಯಾಚ್ ಇವತ್ತು ಬೆಳಿಗ್ಗೆ ಲಿಸ್ಟಿಗೆ ಕಳಿಸಿದ್ದೇನೆ. ಅದರಲ್ಲಿ ಇರುವುದು ಎರಡೇ ಬದಲಾವಣೆ. ಬರೆಯಲಾಗದೆ ಉಳಿದದ್ದರ ಗುರುತು ಅಳಿಸಬಾರದು. ದೂರನ್ನು ಮೊದಲು ಕೇಳಿದವರಿಗೂ ಹೇಳಬೇಕು, ಆಮೇಲೆ ಕೇಳಿದವರಿಗೂ ಹೇಳಬೇಕು. ದೋಷ ವರದಿ ಮಾಡಿದವರು ಎಂಬಲ್ಲಿ ನಾಗಜ್ಯೋತಿ, ಕೋಸಗಿ ಎಂದು ಹಾಕಿದ್ದೇನೆ. ಅದನ್ನು ಅಳಿಸಿದರೆ ಜಗಳವಾಗುತ್ತದೆ, ಈಗಲೇ ಹೇಳಿದ್ದೇನೆ. ಪರೀಕ್ಷೆಯನ್ನು ಒಂದು ಸಲ ಓಡಿಸಿ. ತಪ್ಪು ನನ್ನದಾಗಿದ್ದರೆ ಲಿಸ್ಟಿನಲ್ಲಿ ಎಲ್ಲರೆದುರು ಬೈಯಿರಿ, ತೆಪ್ಪಗೆ ಕೇಳಿಕೊಳ್ಳುತ್ತೇನೆ. ಸರಿಯಾಗಿದ್ದರೆ ಬಾವನಿಗೆ ಒಂದು ಫೋನ್ ಮಾಡಿ. ಇಲ್ಲವೇ ಶುಕ್ರವಾರ ನೀವೇ ಬಂದು ನಿಮ್ಮ ಅಣ್ಣನ ಮುಂದೆ ಬ್ಯಾಟರಿ ಬಿಚ್ಚಿ. ಚಿಕ್ಕವರಿದ್ದಾಗಿನ ಕೆಲಸ, ಮರೆತಿರಲಾರಿರಿ.

ನಿಮ್ಮ ಕೆಮ್ಮು ಹೇಗಿದೆ ಎಂದು ಕೇಳುವುದಿಲ್ಲ ಅಂದುಕೊಂಡೇ ಬರೆಯಲು ಕೂತೆ. ಕೇಳುವುದಿಲ್ಲ. ಜೋಳದ ರೊಟ್ಟಿ ಮಾಡುವವರು ಯಾರಾದರೂ ಸಿಕ್ಕರೋ, ಇನ್ನೂ ಖಾನಾವಳಿಯೋ ಎಂದೂ ಕೇಳುವುದಿಲ್ಲ. ನನ್ನದು ಇಲ್ಲಿ ಚೆನ್ನಾಗಿ ನಡೆದಿದೆ.

ಇಂತಿ,
ನಾಲ್ಕನೇ ಪ್ಯಾಚಿನ ಕರ್ತೃ,
ಚೇತನಾ

ಮರೆತ ಮಾತು: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ನಿಮ್ಮ ಅವ್ವ ಎಳ್ಳಿನ ಹೋಳಿಗೆಗೆ ಎಳ್ಳು ಹಸನು ಮಾಡಿಸಲು ಮಿಲ್ಲಿನ ಮನೆಯಿಂದ ಬಂದರು. ಯಾರಿಗೆ ಇಷ್ಟುದ್ದ ಕಾಗದ ಎಂದು ಕೇಳಿದರು. ನಿಮಗೇ ಎಂದೆ. ಏನು ಬರೆದಿದ್ದೀ ಎಂದರು. ಮರದಲ್ಲಿ ಎಳ್ಳು ಕೇರುತ್ತಲೇ ಅವರಿಗೂ ಈ ದೋಷದ ಕಥೆ ಹೇಳಿದೆ. ಮೊದಲು ಕೇಳಿದವರು ದೂರನ್ನು ಇಸಿದುಕೊಂಡು ತಮ್ಮಲ್ಲೇ ಇಟ್ಟುಕೊಂಡು ಬಿಡುತ್ತಾರೆ, ಎರಡನೆಯವರು ಬಂದು ಕೇಳಿದರೆ ಏನೂ ಇಲ್ಲ, ಎಲ್ಲ ಸರಿಯಿದೆ ಅನ್ನುವ ಉತ್ತರ ಸಿಗುತ್ತದೆ ಅಂದೆ. ಜೊತೆಗೆ ಕಲ್ಲು ಆರಿಸುತ್ತಿದ್ದ ಅತ್ತೆಯ ಕೈ ನಿಂತಿತು. ಆಮೇಲೆ, “ಆವತ್ತು ನೀ ಹೇಳಿದ್ದು ನಾ ಅವಂಗೆ ಹೇಳ್ಲೇ ಇಲ್ಲವ್ವಾ” ಅಂದರು.

ನೀವು ಸಿಟ್ಟು ಮಾಡಿಕೊಂಡು ಬಳ್ಳಾರಿಗೆ ಹೋದ ದಿನ ಸಂಜೆ ನಾನು ಅತ್ತೆಯ ಹತ್ತಿರ ಅತ್ತು ಒಂದು ಮಾತು ಹೇಳಿದ್ದೆ: ‘ಅವರು ಒಂದು ಸಲ ತಾವೇ ಬಂದು ಕರೆಯಲಿ, ಮಿಲ್ಲಿನ ಪೆಟ್ಟಿಗೆಗಳನ್ನೆಲ್ಲ ಬಿಟ್ಟು ಅವರ ಹಿಂದೆ ಹೋಗುತ್ತೇನೆ, ಹಾಗಂತ ಅವರಿಗೆ ಹೇಳಿ.’ ಆ ವಾರವೇ ನೀವು ಫೋನ್ ಮಾಡಿ ‘ಆಕಿ ಏನಾರ ಅಂದ್ಲೇನು’ ಎಂದು ಕೇಳಿದಿರಂತೆ. ಏನೂ ಇಲ್ಲಪ್ಪ, ಚೆನ್ನಾಗಿದ್ದಾಳೆ ಅಂದರಂತೆ. “ಸಿಟ್ಟಿನಾಗ ಅಂದಿ, ನಾಕು ದಿನಕ್ಕ ನಿಮ್ಮಷ್ಟಕ್ಕ ನೀವ ಸರಿ ಹೋಗ್ತೀರಿ ಅನ್ಕಂಡೆ. ಆಮ್ಯಾಲೆ ಹೇಳಾಕ ಬಾಯಿ ಬರ್ಲಿಲ್ಲ” ಎಂದು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ಹೋದರು. ಎಳ್ಳು ಇಲ್ಲೇ ಇದೆ.

ಇಷ್ಟು ದಿನ ನಿಮಗೆ ಗೊತ್ತಿದ್ದೂ ಬರಲಿಲ್ಲ ಎಂದುಕೊಂಡಿದ್ದೆ. ನಾನು ಏನೂ ಹೇಳದೆ ಉಳಿದುಕೊಂಡೆ ಎಂದು ನೀವು ಅಂದುಕೊಂಡಿರಿ. ಒಮ್ಮೆ ಹೇಳಿದ್ದೆ ವಾಗೀಶ್. ನಿಮ್ಮ ನಿಯಮದ ಪ್ರಕಾರ ಅಷ್ಟು ಸಾಕಾಗಬೇಕಿತ್ತು.

ಈಗ ನಡುವೆ ಯಾರನ್ನೂ ಇಟ್ಟುಕೊಳ್ಳದೆ ನಿಮಗೇ ಬರೆಯುತ್ತಿದ್ದೇನೆ. ಬಂದು ಕರೆದರೆ ಬರುತ್ತೇನೆ. ಪ್ಯಾಚ್ ಒಪ್ಪಿದರೂ ಒಪ್ಪದಿದ್ದರೂ ಬನ್ನಿ ಎಂದು ಬರೆಯಲು ಕೈ ಎಳೆಯುತ್ತಿದೆ. ಬರೆಯುವುದಿಲ್ಲ. ಕೋಸಗಿಯ ಲಾರಿ ಹೊರಡುವ ಮೊದಲು ಒಪ್ಪಿ, ಒಪ್ಪಿಯೇ ಬನ್ನಿ.

ಚೇ.